ಗಲ್ಫ್‌ಗೆ ಕೆಲಸಕ್ಕೆ ಹೊರಟಿದ್ದೀರಾ? ಕಾನೂನಿನ ರಕ್ಷಣೆ ನಿಮ್ಮ ಕೈಯಲ್ಲಿರಲು ಹಂತ ಹಂತವಾಗಿ ಏನು ಮಾಡಬೇಕು

"ಏಜೆಂಟ್ ಒಂದೂವರೆ ಲಕ್ಷ ಕೇಳ್ತಿದ್ದಾನೆ, ಕೊಡಬಹುದಾ?" "ಕಂಪನಿಯವರು ಪಾಸ್‌ಪೋರ್ಟ್ ಇಟ್ಕೊಂಡಿದ್ದಾರೆ, ವಾಪಸ್ ಕೇಳಬಹುದಾ?" "ಇಲ್ಲಿ ಹೇಳಿದ ಸಂಬಳವೇ ಬೇರೆ, ಅಲ್ಲಿ ಕೊಡ್ತಿರೋದೇ ಬೇರೆ. ಈಗೇನು ಮಾಡೋದು?"

ಓದುಗರು ತಿರುಗಿಸಿ ಮುರುಗಿಸಿ ಕೇಳುವುದು ಈ ಮೂರನ್ನೇ. ಹೆಚ್ಚಿನವರು ಮೂರನೆಯ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಆ ಹೊತ್ತಿಗೆ ವಿಮಾನ ಹತ್ತಿ ಆರು ತಿಂಗಳಾಗಿರುತ್ತದೆ. ಗಲ್ಫ್ ದೇಶಗಳಲ್ಲಿ ಕಾರ್ಮಿಕ ಕಾನೂನು ಇಲ್ಲ ಅಂತ ಅಂದುಕೊಳ್ಳಬೇಡಿ. ಇದೆ, ಕಳೆದ ಹತ್ತು ವರ್ಷದಲ್ಲಿ ಸಾಕಷ್ಟು ಸುಧಾರಿಸಿಯೂ ಇದೆ. ಆದರೆ ಆ ಕಾನೂನು ಕೇಳುವುದು ಕಾಗದವನ್ನು. ಆ ಕಾಗದಗಳಲ್ಲಿ ಬಹುಪಾಲು ಊರಿನಲ್ಲಿದ್ದಾಗಲೇ ತಯಾರಾಗಬೇಕು. ಅದಕ್ಕೇ ಈ ಲೇಖನದ ಅರ್ಧಕ್ಕಿಂತ ಜಾಸ್ತಿ ಭಾಗ ಹೊರಡುವ ಮುಂಚಿನ ಕೆಲಸಗಳ ಬಗ್ಗೆಯೇ ಇದೆ.

ಮೊದಲಿಗೆ ಒಂದು ಮಾತು. ವಲಸೆ ಕಾರ್ಮಿಕರ ಮತ್ತು ಅವರ ಕುಟುಂಬದವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆಯ ಒಪ್ಪಂದವೊಂದಿದೆ. 1990ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ಆ ನೆಲದವನಿಗೂ ಹೊರಗಿನಿಂದ ಬಂದವನಿಗೂ ಸಂಬಳ, ಕೆಲಸದ ಹೊತ್ತು, ರಜೆ ಇವುಗಳಲ್ಲಿ ಭೇದ ಮಾಡಬಾರದು ಎನ್ನುವುದು ಅದರ ಹುರುಳು. ಭಾರತವೂ ಅದನ್ನು ಒಪ್ಪಿ ಸಹಿ ಹಾಕಿಲ್ಲ, ಗಲ್ಫ್ ದೇಶಗಳೂ ಹಾಕಿಲ್ಲ. ಹಾಗಾಗಿ ಅದನ್ನು ತೋರಿಸಿ ಯಾರ ಹತ್ತಿರವೂ ಏನೂ ಕೇಳಲು ಬರುವುದಿಲ್ಲ. ನಿಮ್ಮ ಕೈಗೆ ಸಿಗುವುದು ಎರಡೇ: ಇಲ್ಲಿ ಭಾರತದ 1983ರ ವಲಸೆ ಕಾಯ್ದೆ, ಅಲ್ಲಿ ಆಯಾ ದೇಶದ ಕಾರ್ಮಿಕ ಕಾನೂನು.

ಹಂತ 1: ನಿಮ್ಮ ಪಾಸ್‌ಪೋರ್ಟ್ ಯಾವ ಬಗೆಯದು ನೋಡಿಕೊಳ್ಳಿ

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಸಾಮಾನ್ಯವಾಗಿ 'ಇಸಿಆರ್' ಎಂದು ನಮೂದಾಗಿರುತ್ತದೆ. ಅಂದರೆ, ಕೆಲಸಕ್ಕಾಗಿ ಕೆಲವು ದೇಶಗಳಿಗೆ ಹೋಗುವ ಮೊದಲು ಭಾರತ ಸರ್ಕಾರದ ಅನುಮತಿ ಬೇಕು ಎಂದರ್ಥ. ಇಂಥ ದೇಶಗಳು 18 ಇವೆ. ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್ ಈ ಆರೂ ಆ ಪಟ್ಟಿಯಲ್ಲಿವೆ. ಮಲೇಷ್ಯಾ, ಥಾಯ್ಲೆಂಡ್ ಕೂಡ ಇವೆ.

ಅನುಮತಿ ಕೊಡುವ ಅಧಿಕಾರಿಯನ್ನು 'ಪ್ರೊಟೆಕ್ಟರ್ ಆಫ್ ಎಮಿಗ್ರೆಂಟ್ಸ್' ಅನ್ನುತ್ತಾರೆ. ಅರ್ಜಿ, ದಾಖಲೆ, ಅನುಮತಿ ಎಲ್ಲವೂ ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ಜಾಲತಾಣದಲ್ಲೇ ನಡೆಯುತ್ತದೆ.

ಇದೊಂದು ತಲೆನೋವು ಅಂತ ಅನ್ನಿಸಬಹುದು. ನನ್ನ ಪ್ರಕಾರ ಬಡ ಕಾರ್ಮಿಕನಿಗೆ ಸಿಗುವ ಅತಿ ಅಗ್ಗದ ರಕ್ಷಣೆ ಇದೇ. ಇಲ್ಲಿ ನಿಮ್ಮ ಕರಾರು, ಸಂಬಳ, ಮಾಲೀಕನ ವಿವರ ಎಲ್ಲವೂ ಸರ್ಕಾರದ ದಾಖಲೆಗೆ ಹೋಗುತ್ತದೆ. ನಾಳೆ "ನಾವು ಅಷ್ಟು ಸಂಬಳ ಹೇಳೇ ಇಲ್ಲ" ಅಂತ ಮಾಲೀಕ ಅಂದರೆ ತೋರಿಸಲು ಒಂದು ಪ್ರತಿ ಇರುತ್ತದೆ.

ಇಸಿಆರ್ ಪಾಸ್‌ಪೋರ್ಟ್ ಇರುವ ಹೆಣ್ಣುಮಕ್ಕಳಿಗೆ ಎರಡು ಹೆಚ್ಚಿನ ನಿಯಮಗಳಿವೆ. ವಯಸ್ಸು 30 ತುಂಬಿರಬೇಕು. ಖಾಸಗಿ ಏಜೆಂಟ್ ಮೂಲಕ ಹೋಗುವಂತಿಲ್ಲ, ಸರ್ಕಾರ ಗೊತ್ತುಮಾಡಿದ ಸರ್ಕಾರಿ ಸಂಸ್ಥೆಗಳ ಮೂಲಕವೇ ಹೋಗಬೇಕು. ಮನೆಕೆಲಸಕ್ಕೆ ಕರೆದೊಯ್ಯುತ್ತೇನೆ ಅಂತ 25ರ ಹುಡುಗಿಗೆ ಯಾರಾದರೂ ಟಿಕೆಟ್ ತೋರಿಸುತ್ತಿದ್ದರೆ ಅದು ಕಳ್ಳದಾರಿಯೇ. ಅನುಮಾನವೇ ಬೇಡ.

ಹಂತ 2: ಏಜೆಂಟ್ ನೋಂದಾಯಿತನೇ ಎಂದು ನೀವೇ ಪರೀಕ್ಷಿಸಿ

ನೋಂದಣಿ ಇಲ್ಲದೆ ವಿದೇಶಿ ಕೆಲಸಕ್ಕೆ ಜನರನ್ನು ಕಳಿಸುವುದು 1983ರ ಕಾಯ್ದೆಯ ಪ್ರಕಾರ ಅಪರಾಧ. ಎರಡು ವರ್ಷದವರೆಗೆ ಜೈಲಾಗಬಹುದು. ಇ-ಮೈಗ್ರೇಟ್‌ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ಏಜೆಂಟ್ ಹೇಳಿದ ನೋಂದಣಿ ಸಂಖ್ಯೆಯನ್ನು ಅಲ್ಲಿ ಹಾಕಿ ನೋಡಿ. ಹೆಸರು, ವಿಳಾಸ ತಾಳೆಯಾಗಬೇಕು. ನೋಂದಣಿಯ ಅವಧಿ ಮುಗಿದಿರಬಾರದು.

ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ಜೊತೆ ಮಾತಾಡುವವನು ಸಾಮಾನ್ಯವಾಗಿ ಆ ನೋಂದಾಯಿತ ಏಜೆಂಟ್ ಆಗಿರುವುದಿಲ್ಲ. ಪಕ್ಕದ ಊರಿನವನೋ, ದೂರದ ನೆಂಟನೋ, ಒಮ್ಮೆ ಗಲ್ಫ್‌ಗೆ ಹೋಗಿ ಬಂದವನೋ ಆಗಿರುತ್ತಾನೆ. "ಮುಂಬೈ ಆಫೀಸಿಗೆ ನಾನೇ ಸಬ್ ಏಜೆಂಟ್" ಅನ್ನುತ್ತಾನೆ. ಕಾಯ್ದೆಯಲ್ಲಿ ಸಬ್ ಏಜೆಂಟ್ ಅಂತ ಒಂದು ಹುದ್ದೆಯೇ ಇಲ್ಲ. ಅವನ ಕೈಗೆ ಕೊಟ್ಟ ದುಡ್ಡಿಗೆ ಮುಂಬೈ ಆಫೀಸಿನವರು "ನಮಗೆ ಗೊತ್ತೇ ಇಲ್ಲ" ಅಂದರೆ ಮುಗಿಯಿತು. ಆದ್ದರಿಂದ ಅವನು ಎಷ್ಟೇ ಒಳ್ಳೆಯವನಾಗಿರಲಿ, ನೋಂದಾಯಿತ ಕಚೇರಿಗೆ ಫೋನ್ ಮಾಡಿ ಅಥವಾ ಖುದ್ದು ಹೋಗಿ, ಈ ಕೆಲಸ, ಈ ಕಂಪನಿ, ಇಷ್ಟು ಸಂಬಳ ನಿಜವೇ ಅಂತ ಕೇಳಿ.

ಹಂತ 3: ದುಡ್ಡು ಎಷ್ಟು, ಹೇಗೆ ಕೊಡಬೇಕು

ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಸೀದಿ ಕೊಡಲೇಬೇಕು.

ಹಾಗಾದರೆ ಆ ಒಂದೂವರೆ ಲಕ್ಷ? "ವೀಸಾ ಖರ್ಚು" ಅನ್ನುತ್ತಾರೆ. ಯುಎಇ ಕಾನೂನಿನಲ್ಲಿ ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವಂತೆಯೇ ಇಲ್ಲ, ಅದು ಮಾಲೀಕನ ಖರ್ಚು. ಅಂದರೆ ಮಾಲೀಕ ಕೊಡಬೇಕಾದ್ದನ್ನೇ ನಿಮ್ಮಿಂದ ವಸೂಲು ಮಾಡುತ್ತಿರುತ್ತಾರೆ. ಬಡ್ಡಿಗೆ ಸಾಲ ಮಾಡಿ ಇದನ್ನು ಕೊಟ್ಟವನ ಪಾಡು ಏನಾಗುತ್ತದೆ ಗೊತ್ತಾ? ಅಲ್ಲಿ ಏನೇ ಅನ್ಯಾಯವಾದರೂ ಬಾಯಿ ಬಿಡುವುದಿಲ್ಲ. ದೂರು ಕೊಟ್ಟರೆ ವಾಪಸ್ ಕಳಿಸುತ್ತಾರೆ, ಸಾಲ ತೀರಿಸುವುದು ಹೇಗೆ ಎಂಬ ಭಯ. ಸಾಲ ಇದ್ದಾಗ ಬೇರೆ ಸರಪಳಿ ಬೇಕಾಗಿಲ್ಲ.

ಏನು ಕೊಟ್ಟರೂ ಬ್ಯಾಂಕ್ ಮೂಲಕ ಅಥವಾ ಯುಪಿಐ ಮೂಲಕ ಕೊಡಿ. "ಕ್ಯಾಶ್ ಆದ್ರೆ ಸ್ವಲ್ಪ ಕಮ್ಮಿ ಮಾಡ್ತೀನಿ" ಎಂಬ ಮಾತಿಗೆ ಸಿಕ್ಕಿಬೀಳಬೇಡಿ. ಒಂದು ವೇಳೆ ನಗದು ಕೊಡಲೇಬೇಕಾಗಿ ಬಂತು ಅಂತಿಟ್ಟುಕೊಳ್ಳಿ. ಕೊಟ್ಟ ಅದೇ ದಿನ "ಇವತ್ತು ಇಷ್ಟು ಹಣ ಇಂಥದ್ದಕ್ಕೆ ಕೊಟ್ಟಿದ್ದೇನೆ, ತಲುಪಿತಲ್ವಾ?" ಎಂದು ವಾಟ್ಸ್ಆ್ಯಪ್ ಮಾಡಿ. ಅವನು "ಓಕೆ" ಅಂದರೂ ಅದೊಂದು ಆಧಾರ.

ಹಂತ 4: ಕರಾರು ಓದಿ, ಅದರಲ್ಲೂ 'ಬೇಸಿಕ್' ನೋಡಿ

ಇದು ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ನಿಧಾನವಾಗಿ ಓದಿ.

ಕರಾರಿನಲ್ಲಿ ಒಟ್ಟು ಸಂಬಳ ಎಷ್ಟು ಅಂತಷ್ಟೇ ಎಲ್ಲರೂ ನೋಡುತ್ತಾರೆ. ಅದು ಎರಡು ಭಾಗವಾಗಿರುತ್ತದೆ: ಮೂಲ ಸಂಬಳ ಅಂದರೆ ಬೇಸಿಕ್, ಮತ್ತು ಭತ್ಯೆ ಅಂದರೆ ಅಲೋಯೆನ್ಸ್. ಯುಎಇಗೆ ಹೊರಟ ಇಬ್ಬರನ್ನು ತೆಗೆದುಕೊಳ್ಳೋಣ. ಇಬ್ಬರಿಗೂ ತಿಂಗಳಿಗೆ 1,500 ದಿರ್ಹಮ್. ಮೊದಲನೆಯವನ ಕಾಗದದಲ್ಲಿ ಬೇಸಿಕ್ 1,000, ಭತ್ಯೆ 500. ಎರಡನೆಯವನದ್ದು ಬೇಸಿಕ್ 600, ಭತ್ಯೆ 900. ಕೈಗೆ ಬರುವುದು ಒಂದೇ, ಅಲ್ವಾ?

ಈಗ ನೋಡಿ. ಅಲ್ಲಿ ಒಂದು ವರ್ಷ ಮೇಲೆ ದುಡಿದವರಿಗೆ ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗುತ್ತದೆ. ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ಸಂಬಳ. ನಾಲ್ಕು ವರ್ಷ ದುಡಿದರೆ ಮೊದಲನೆಯವನಿಗೆ 2,800 ದಿರ್ಹಮ್, ಎರಡನೆಯವನಿಗೆ 1,680. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಮಾಮೂಲಿ ಗಂಟೆ ಕೂಲಿಯ ಮೇಲೆ 25% ಸೇರಿಸಿ ಕೊಡಬೇಕು. ಹಾಗೆ ಲೆಕ್ಕ ಹಾಕಿದರೆ ಮೊದಲನೆಯವನಿಗೆ ಗಂಟೆಗೆ ಸುಮಾರು 5.20 ದಿರ್ಹಮ್, ಎರಡನೆಯವನಿಗೆ 3.10ರ ಆಸುಪಾಸು. ದಿನಕ್ಕೆ ಎರಡು ಗಂಟೆಯಂತೆ ವರ್ಷಗಟ್ಟಲೆ ಮಾಡಿದರೆ ಎಷ್ಟಾಯಿತು ಅಂತ ನೀವೇ ಗುಣಿಸಿಕೊಳ್ಳಿ.

ಕರಾರಿನಲ್ಲಿ ಇನ್ನೂ ನೋಡಬೇಕಾದವು: ಕೆಲಸದ ಹೆಸರು, ದಿನಕ್ಕೆ ಎಷ್ಟು ಗಂಟೆ, ವಾರದ ರಜೆ, ವಸತಿ ಮತ್ತು ಊಟ ಯಾರದ್ದು, ಊರಿಗೆ ಬರುವ ಟಿಕೆಟ್ ಯಾರದ್ದು, ಪ್ರೊಬೇಷನ್ ಎಷ್ಟು ತಿಂಗಳು. ಯುಎಇಯಲ್ಲಿ ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ.

ಕರಾರು ಅರಬ್ಬಿಯಲ್ಲೂ ಇಂಗ್ಲಿಷ್‌ನಲ್ಲೂ ಇರುತ್ತದೆ. ಎರಡರಲ್ಲಿ ವ್ಯತ್ಯಾಸ ಬಂದರೆ ಅಲ್ಲಿನ ಅಧಿಕಾರಿಗಳು ಅರಬ್ಬಿಯನ್ನೇ ಹಿಡಿಯುತ್ತಾರೆ. ಅರಬ್ಬಿ ಓದುವವರು ಪರಿಚಯದಲ್ಲಿ ಇದ್ದರೆ, ಕನಿಷ್ಠ ಅಂಕಿಗಳನ್ನಾದರೂ ಓದಿಸಿ. ಹತ್ತು ನಿಮಿಷದ ಕೆಲಸ.

ಅಲ್ಲಿ ಹೋದ ಮೇಲೆ "ಇದು ಸುಮ್ನೆ ಫಾರ್ಮಾಲಿಟಿ" ಅಂತ ಇನ್ನೊಂದು ಕಾಗದ ಮುಂದಿಟ್ಟು ಸಹಿ ಕೇಳುವುದು ಹಳೆಯ ಆಟ. ಕಡಿಮೆ ಸಂಬಳದ ಹೊಸ ಕರಾರು ಅದು. ಮೊದಲು ಫೋಟೊ ತೆಗೆದುಕೊಳ್ಳಿ, ಊರಿಗೆ ಕಳಿಸಿ, ಆಮೇಲೆ ಮಾತು.

ಹಂತ 5: ವೀಸಾದಲ್ಲಿ ಬರೆದ ಕೆಲಸವೂ ನೀವು ಮಾಡುವ ಕೆಲಸವೂ ಒಂದೇ ಇರಲಿ

ವಿಸಿಟ್ ವೀಸಾದಲ್ಲಿ, ಅಂದರೆ ನೋಡಲು ಹೋಗುವ ವೀಸಾದಲ್ಲಿ ಹೋಗಿ ಕೆಲಸ ಮಾಡಬೇಡಿ. "ಹೋದ ಮೇಲೆ ಬದಲಾಯಿಸ್ತೀವಿ" ಅನ್ನುವ ಮಾತು ನಿಜವಾಗದಿದ್ದರೆ ಆ ದೇಶದ ಕಣ್ಣಿಗೆ ಅಕ್ರಮವಾಗಿ ದುಡಿದವರು ನೀವೇ ಆಗುತ್ತೀರಿ. ಇಲ್ಲಿ ಇ-ಮೈಗ್ರೇಟ್ ದಾಖಲೆಯೂ ಇರುವುದಿಲ್ಲ, ಅಲ್ಲಿ ಕರಾರೂ ಇರುವುದಿಲ್ಲ.

'ಫ್ರೀ ವೀಸಾ' ಅಥವಾ 'ಆಜಾದ್ ವೀಸಾ' ಎಂಬ ಹೆಸರು ಕೇಳಿರುತ್ತೀರಿ. ಒಬ್ಬ ಕಫೀಲನ ಹೆಸರಿನಲ್ಲಿ ವೀಸಾ ತೆಗೆದು, ಬೇರೆ ಕಡೆ ದುಡಿದು, ಅವನಿಗೆ ವರ್ಷಕ್ಕಿಷ್ಟು ಅಂತ ಕೊಡುವುದು. ಕಫೀಲ್ ಅಂದರೆ ನಿಮ್ಮ ವೀಸಾಕ್ಕೆ ಜವಾಬ್ದಾರನಾದ ಮಾಲೀಕ. ಇಂಥ ವೀಸಾ ಯಾವ ದೇಶದ ಕಾನೂನಿನಲ್ಲೂ ಇಲ್ಲ. ಕುವೈತ್‌ನಲ್ಲಿ 18ನೇ ಕಲಮಿನ ವೀಸಾ ಖಾಸಗಿ ಕಂಪನಿಗೆ, 20ನೇ ಕಲಮಿನದ್ದು ಮನೆಕೆಲಸಕ್ಕೆ. ಎರಡನೆಯದನ್ನೇ ನಮ್ಮವರು ಖಾದಿಮ್ ವೀಸಾ ಅನ್ನುವುದು. ಅಂಗಡಿ ಕೆಲಸ ಅಂತ ಹೇಳಿ ಖಾದಿಮ್ ವೀಸಾ ಕೊಟ್ಟಿದ್ದರೆ ಹೋಗಬೇಡಿ. ಕಂಪನಿ ಕಾರ್ಮಿಕರ ಕಾನೂನು ನಿಮಗೆ ಅನ್ವಯವಾಗುವುದಿಲ್ಲ, ಅಂಗಡಿಯಲ್ಲಿ ಸಿಕ್ಕಿಬಿದ್ದರೆ ಗಡಿಪಾರು.

ಹಂತ 6: ವಿಮೆ, ತರಬೇತಿ, ಪೆಟ್ಟಿಗೆ

ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬ ವಿಮೆ ಇಸಿಆರ್‌ನವರಿಗೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375, ಮೇಲೆ ತೆರಿಗೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ. ಇದರ ಪಾಲಿಸಿ ಕಾಗದ ಮನೆಯವರ ಕೈಯಲ್ಲಿ ಇರಲಿ, ನಿಮ್ಮ ಪೆಟ್ಟಿಗೆಯಲ್ಲಿ ಅಲ್ಲ. ಕ್ಲೇಮ್ ಮಾಡಬೇಕಾದವರು ಅವರು ತಾನೇ. ಹೊರಡುವವರಿಗೆ ಒಂದು ದಿನದ ಉಚಿತ ತರಬೇತಿಯನ್ನೂ ಸರ್ಕಾರ ಕೊಡುತ್ತದೆ, ತಪ್ಪಿಸಬೇಡಿ.

ಪಾಸ್‌ಪೋರ್ಟ್, ವೀಸಾ, ಕರಾರು, ರಸೀದಿ, ವಿಮೆ ಎಲ್ಲದರ ಫೋಟೊ ಫೋನ್‌ನಲ್ಲೂ ಇರಲಿ, ಮನೆಯವರ ಫೋನ್‌ನಲ್ಲೂ ಇರಲಿ, ಇ-ಮೇಲ್‌ನಲ್ಲೂ ಇರಲಿ. ಫೋನ್ ಕಸಿದುಕೊಂಡರೂ ಕಾಗದ ಉಳಿಯಬೇಕು.

ಇನ್ನೊಂದು ಮಾತು, ವಿಷಯಾಂತರ ಅನ್ನಿಸಿದರೂ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಗಸಗಸೆ ಇಡಬೇಡಿ. ಪಾಯಸಕ್ಕೆ ಅಂತ ಅಮ್ಮ ಕಟ್ಟಿಕೊಟ್ಟ ಪೊಟ್ಟಣ ಯುಎಇ, ಸೌದಿಯಲ್ಲಿ ಮಾದಕ ವಸ್ತು. ಬೇರೆಯವರ ಪಾರ್ಸೆಲ್ ಕೂಡ ಬೇಡ, ಯಾರೇ ಕೊಡಲಿ.

ಹಂತ 7: ಅಲ್ಲಿ ಇಳಿದ ಮೇಲೆ

ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಇರಬೇಕು. ಭಾರತದ 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ. ಮಾಲೀಕನಿಗೆ ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕಿಲ್ಲ. ಯುಎಇಯ 2021ರ ಕಾರ್ಮಿಕ ಕಾನೂನು, ಕುವೈತ್‌ನ 2015ರ ಮನೆಕೆಲಸದವರ ಕಾನೂನು ಎರಡೂ ಅದನ್ನು ನಿಷೇಧಿಸಿವೆ. ವೀಸಾ ಮುದ್ರೆಗೆಂದು ತೆಗೆದುಕೊಂಡಿದ್ದರೆ ಯಾವ ದಿನ ವಾಪಸ್ ಅಂತ ಮೆಸೇಜ್‌ನಲ್ಲಿ ಕೇಳಿ. "ಸೇಫ್ಟಿಗೆ ನಮ್ಮ ಹತ್ರ ಇರ್ಲಿ" ಅಂದರೆ, "ನಾನೇ ಇಟ್ಕೋತೀನಿ ಸರ್" ಅಂತ ಅದನ್ನೂ ಮೆಸೇಜ್‌ನಲ್ಲೇ ಹೇಳಿ. ಜಗಳ ಬೇಡ, ದಾಖಲೆ ಬೇಕು.

ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಸಮಯಕ್ಕೆ ಆಗುವಂತೆ ನೋಡಿಕೊಳ್ಳಿ. ಅದರ ಖರ್ಚು ಮಾಲೀಕನದ್ದು. ಅವಧಿ ಮುಗಿದರೆ ಬೀದಿಯಲ್ಲಿ ಪೊಲೀಸರು ಹಿಡಿಯುವುದು ಮಾತ್ರ ನಿಮ್ಮನ್ನು.

ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ಬಂದ ಸಮಯ, ಬಿಟ್ಟ ಸಮಯ, ಯಾವ ಸೈಟ್. ನಾಲ್ಕೇ ಕಾಲಂ ಸಾಕು. ಮಲಗುವ ಮುಂಚೆ ಒಂದು ನಿಮಿಷ. ಓವರ್‌ಟೈಮ್ ಬಾಕಿ ಕೇಳಿ ಹೋದವರಲ್ಲಿ ಇಂಥ ಪುಸ್ತಕ ಇದ್ದವನ ಮಾತಿಗೂ "ಜಾಸ್ತಿ ಹೊತ್ತು ದುಡಿಸಿಕೊಂಡ್ರು" ಅಂತ ಬರೀ ಬಾಯಲ್ಲಿ ಹೇಳುವವನ ಮಾತಿಗೂ ಬಹಳ ವ್ಯತ್ಯಾಸ.

ಸಂಬಳ ಬ್ಯಾಂಕ್ ಖಾತೆಗೇ ಬರಲಿ. ಯುಎಇಯಲ್ಲಿ 2009ರಿಂದ ವೇತನ ರಕ್ಷಣಾ ವ್ಯವಸ್ಥೆ ಇದೆ. ಯಾವ ಕಂಪನಿ ಯಾರಿಗೆ ಎಷ್ಟು ಹಾಕಿತು ಅಂತ ಸರ್ಕಾರಕ್ಕೆ ಗೊತ್ತಾಗುತ್ತದೆ. ಎಟಿಎಂ ಕಾರ್ಡ್ ಅನ್ನು ಫೋರ್‌ಮ್ಯಾನ್ ಕೈಗೆ ಕೊಟ್ಟು, ಅವನು "ಕಡಿತ" ಮಾಡಿ ಉಳಿದದ್ದು ಕೊಡುವ ಪದ್ಧತಿಗೆ ಒಪ್ಪಿದರೆ ಆ ವ್ಯವಸ್ಥೆಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ: ಖಾತೆಗೆ ಪೂರ್ತಿ ಬಂದಿದೆಯಲ್ಲ!

ಬೇಸಿಗೆಯ ಮಧ್ಯಾಹ್ನ ಬಯಲಲ್ಲಿ ದುಡಿಸುವಂತಿಲ್ಲ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ. ಕತಾರ್‌ನಲ್ಲಿ ಜೂನ್ 1ರಿಂದ ಸೆಪ್ಟೆಂಬರ್ 15, ಬೆಳಿಗ್ಗೆ 10ರಿಂದ 3.30.

ಸಮಾನತೆ ಅಂದರೆ ಎಷ್ಟರ ಮಟ್ಟಿಗೆ?

ಒಂದೇ ಕೆಲಸ, ಪಾಸ್‌ಪೋರ್ಟ್ ಬಣ್ಣ ನೋಡಿ ಸಂಬಳ. ಇದು ಅಲ್ಲಿ ದುಡಿದ ಎಲ್ಲರಿಗೂ ಗೊತ್ತು. ಕಾನೂನು ಏನನ್ನುತ್ತದೆ? ಯುಎಇಯ 2021ರ ಕಾನೂನಿನ 4ನೇ ಕಲಮು ಜನಾಂಗ, ಬಣ್ಣ, ಲಿಂಗ, ಧರ್ಮ, ರಾಷ್ಟ್ರೀಯ ಮೂಲದ ಮೇಲೆ ತಾರತಮ್ಯ ಮಾಡಬಾರದು ಅನ್ನುತ್ತದೆ. ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿಗೂ ಒಂದೇ ಸಂಬಳ ಎಂದೂ ಇದೆ. ಕತಾರ್ 2021ರ ಮಾರ್ಚ್‌ನಿಂದ ಎಲ್ಲ ದೇಶದವರಿಗೂ, ಮನೆಕೆಲಸದವರಿಗೂ ಸೇರಿಸಿ, ಒಂದೇ ಕನಿಷ್ಠ ವೇತನ ತಂದಿದೆ: 1,000 ರಿಯಾಲ್. ವಸತಿ ಕೊಡದಿದ್ದರೆ ಮೇಲೆ 500, ಊಟ ಕೊಡದಿದ್ದರೆ 300.

ಆದರೆ "ಅವನಿಗೆ ಜಾಸ್ತಿ, ನನಗೆ ಕಮ್ಮಿ" ಅಂತ ದೂರು ಕೊಟ್ಟು ಗೆಲ್ಲುವುದು ಕಷ್ಟ. ಅದೇ ದೂರನ್ನು "ಕರಾರಿನಲ್ಲಿ ಇಷ್ಟಿದೆ, ಕೊಟ್ಟಿದ್ದು ಇಷ್ಟು" ಅಂತ ಬರೆದರೆ ಅಧಿಕಾರಿಗೆ ಹಿಡಿಯಲು ಒಂದು ಅಂಕಿ ಸಿಗುತ್ತದೆ. ತಾರತಮ್ಯ ನಿಜವೇ ಇರಬಹುದು. ಆದರೂ ದೂರಿನ ಮೊದಲ ಸಾಲು ಕರಾರಿನ ಬಗ್ಗೆ ಇರಲಿ ಅನ್ನುವುದು ನನ್ನ ಸಲಹೆ.

ಹಂತ 8: ತೊಂದರೆಯಾದಾಗ ದೂರು

ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ಕೆಲಸ ಬಿಟ್ಟು ಓಡಿಹೋಗಬೇಡಿ. ಮಾಲೀಕ ನಿಮ್ಮನ್ನು ಪರಾರಿ ಎಂದು ವರದಿ ಮಾಡುತ್ತಾನೆ. ಸೌದಿಯಲ್ಲಿ ಇದನ್ನೇ 'ಹುರೂಬ್' ಅನ್ನುವುದು. ಆಮೇಲೆ ತಪ್ಪು ನಿಮ್ಮದಾಗುತ್ತದೆ. ಹೊಡೆತ ಬಡಿತ, ಪ್ರಾಣಭಯ ಇದ್ದರೆ ಮಾತ್ರ ಬೇರೆ. ಆಗ ನೇರ ಭಾರತೀಯ ರಾಯಭಾರ ಕಚೇರಿಗೆ ಹೋಗಿ.

ಉಳಿದಂತೆ, ಕೆಲಸದಲ್ಲಿದ್ದುಕೊಂಡೇ ಆ ದೇಶದ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಯುಎಇಯಲ್ಲಿ 600590000, ಸೌದಿಯಲ್ಲಿ 19911. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅದರ ಜೊತೆಗೇ 'ಮದದ್' ಜಾಲತಾಣದಲ್ಲೂ ಹಾಕಿ. ಇದು ವಿದೇಶಾಂಗ ಸಚಿವಾಲಯದ್ದು, ಊರಿನಿಂದ ಮನೆಯವರೂ ಹಾಕಬಹುದು. ಭಾರತದೊಳಗಿಂದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ 1800 11 3090ಗೆ ಉಚಿತವಾಗಿ ಕರೆ ಮಾಡಬಹುದು. ಟಿಕೆಟ್‌ಗೆ ದುಡ್ಡಿಲ್ಲದವರಿಗೆ, ವಕೀಲರ ನೆರವು ಬೇಕಾದವರಿಗೆ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ. ಪಾಸ್‌ಪೋರ್ಟ್ ಸಿಗದಿದ್ದರೆ ಊರಿಗೆ ಮರಳಲು 'ಔಟ್‌ಪಾಸ್', ಅಂದರೆ ಒಂದು ಬಾರಿಯ ಪ್ರಯಾಣಪತ್ರವನ್ನೂ ಅವರೇ ಕೊಡುತ್ತಾರೆ.

ಮಾಲೀಕನನ್ನು ಬದಲಾಯಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಕತಾರ್ 2020ರಲ್ಲಿ ಹಳೆ ಮಾಲೀಕನ ಒಪ್ಪಿಗೆ ಪತ್ರದ ನಿಯಮ ತೆಗೆದುಹಾಕಿತು. ಎರಡು ವರ್ಷದೊಳಗಾದರೆ ಒಂದು ತಿಂಗಳ ನೋಟಿಸ್, ಆಮೇಲಾದರೆ ಎರಡು ತಿಂಗಳು. ಸೌದಿಯಲ್ಲಿ 2021ರ ಮಾರ್ಚ್‌ನಿಂದ ಒಂದು ವರ್ಷ ದುಡಿದ ಮೇಲೆ ಬದಲಾಯಿಸಬಹುದು. ಆದರೆ ಸೌದಿಯ ಆ ಸುಧಾರಣೆ ಮನೆಕೆಲಸದವರಿಗೆ, ಮನೆಯ ಚಾಲಕರಿಗೆ ಅನ್ವಯಿಸುವುದಿಲ್ಲ.

ಹಂತ 9: ಕೆಲಸ ಬಿಟ್ಟು ಬರುವಾಗ

'ಫೈನಲ್ ಸೆಟಲ್‌ಮೆಂಟ್' ಕಾಗದಕ್ಕೆ, ದುಡ್ಡು ಖಾತೆಗೆ ಬರುವ ಮುಂಚೆ ಸಹಿ ಹಾಕಬೇಡಿ. ಅದರಲ್ಲಿ "ನನಗೆ ಬರಬೇಕಾದ್ದೆಲ್ಲ ಬಂದಿದೆ" ಅಂತ ಇರುತ್ತದೆ. ಬಾಕಿ ಸಂಬಳ, ಉಳಿದ ರಜೆಯ ಹಣ, ಗ್ರಾಚ್ಯುಟಿ, ಟಿಕೆಟ್ ನಾಲ್ಕನ್ನೂ ಬೇರೆ ಬೇರೆ ಲೆಕ್ಕ ಹಾಕಿ ತಾಳೆ ನೋಡಿ. ಸೌದಿಯಲ್ಲಿ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ಒಂದು ತಿಂಗಳದ್ದು. ನೀವೇ ಮಧ್ಯದಲ್ಲಿ ರಾಜೀನಾಮೆ ಕೊಟ್ಟರೆ ಅದರಲ್ಲಿ ಕಡಿತ ಇದೆ.

ಬಾಕಿ ಕೊಡದೆ ಸತಾಯಿಸಿದರೆ ಕೇಸ್ ಹಾಕಲು ಕಾಲಮಿತಿ ಇದೆ. ಕೆಲಸ ಮುಗಿದ ದಿನದಿಂದ ಸೌದಿಯಲ್ಲೂ ಕತಾರ್‌ನಲ್ಲೂ ಒಂದು ವರ್ಷ, ಯುಎಇಯಲ್ಲಿ 2024ರ ತಿದ್ದುಪಡಿಯ ನಂತರ ಎರಡು ವರ್ಷ. "ಊರಿಗೆ ಹೋಗು, ಅಲ್ಲಿಗೇ ಕಳಿಸ್ತೀವಿ" ಅನ್ನುವ ಮಾತು ನಂಬಿ ಬಂದವರು ಈ ಅವಧಿಯನ್ನು ಫೋನ್ ಮಾಡುತ್ತಲೇ ಕಳೆಯುತ್ತಾರೆ. ಬರಲೇಬೇಕಾದರೆ ಮೊದಲು ಅಲ್ಲಿ ದೂರು ದಾಖಲಿಸಿ. ನಂಬಿಕೆಯ ಒಬ್ಬರ ಹೆಸರಿಗೆ, ನಿಮ್ಮ ಪರವಾಗಿ ಕೇಸ್ ನಡೆಸುವ ಅಧಿಕಾರ ಕೊಡುವ ಪವರ್ ಆಫ್ ಅಟಾರ್ನಿ ಬರೆಸಿ. ಅದನ್ನು ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ, ಒಂದು ಪ್ರತಿ ಕೈಯಲ್ಲಿ ಹಿಡಿದುಕೊಂಡೇ ವಿಮಾನ ಹತ್ತಿ.